ಎಂಟು ಗಂಟೆ

ಸಿದ್ದಾಪುರದ ಗುಜರಿಯಲ್ಲಿ ಮುನ್ನೂರೈವತ್ತಕ್ಕೆ ಸಿಕ್ಕ
ಕರೆಂಟಿನ ಮಡಕೆ. ಮುಚ್ಚಳದ ಅಂಚು ಚೂರು ಒಡೆದಿದೆ.
"ಇದು ಬೇಯಿಸುತ್ತೋ, ಮೊಟ್ಟೆಗೆ ಕಾವು ಕೊಡುತ್ತೋ?"
ಅಂದಳು ಸುಹರಾ, ನೈಟ್ ಡ್ಯೂಟಿಗೆ ಅಮ್ಮತ್ತಿ ಬಸ್ಸು ಹತ್ತುತ್ತ.

ಮುದಿ ಕೋಣನ ತೊಡೆ.
ಕಡಿದು ಕೊಡುವಷ್ಟರಲ್ಲಿ ಯೂಸುಫ್ ಎರಡು ಸಲ ಕತ್ತಿ ಮಸೆದಿದ್ದ.
ಈರುಳ್ಳಿ ಹಾಸಿ, ಕಾಳುಮೆಣಸು ಜಜ್ಜಿ,
ಬೆರಳತುದಿಯಷ್ಟು ಕಾಚಂಪುಳಿ ಸವರಿ
ಸ್ವಿಚ್ಚು ಒತ್ತಿದೆ. ಒಂದು ಕೆಂಪು ಚುಕ್ಕೆ. ಸದ್ದಿಲ್ಲ.

ಅಣಬೆ ತಂದದ್ದು ಲೈನುಮನೆಯ ಎರವರ ಬೊಳ್ಳಿ,
ಗುಡುಗಿದ ಮರುದಿನ, ಕೆಸುವಿನೆಲೆಯಲ್ಲಿ, ಹುತ್ತದ ಮಣ್ಣು ಸಮೇತ.
ಮುಚ್ಚಳ ಎತ್ತಲು ಹೋದರೆ ಕೈ ಹಿಡಿದಳು:
"ಒಂದೇ ರಾತ್ರೀಲಿ ಹುಟ್ಟಿದ್ದನ್ನ ಎಂಟು ಗಂಟೆ ಬೇಯಿಸ್ತೀಯಾ?
ಕೊನೇಗೆ ಹಾಕು."

ನಡುರಾತ್ರಿ ಕರೆಂಟು ಹೋಯಿತು.
ಮಡಕೆಗೆ ಕಂಬಳಿ ಹೊದಿಸಿ ಪಕ್ಕದಲ್ಲೇ ಕೂತೆ,
ವಾರ್ಡಿನಲ್ಲಿ ಅವಳು ಕೂರುವಂತೆ,
ಆಗಾಗ ಅಂಗೈ ಇಟ್ಟು ನೋಡುತ್ತ.
ಕೆಂಪು ಚುಕ್ಕೆ ಮರಳಿದಾಗ ಕೋಳಿ ಕೂಗುತ್ತಿತ್ತು.

ಆರೂವರೆಯ ಬಸ್ಸು ಬಂದಿಲ್ಲ.
ರೋಡಿನಲ್ಲಿ ಆನೆ ನಿಂತಿದೆಯಂತೆ.
ನಿಲ್ಲಲಿ.
ತೆಂಗಿನ ಗಟ್ಟಿಹಾಲು ಹಿಂಡಿಟ್ಟಿದ್ದೇನೆ,
ಅಣಬೆ ಸೀಳಿಟ್ಟಿದ್ದೇನೆ.
ಮೆಟ್ಟಿಲಲ್ಲಿ ಅವಳ ಚಪ್ಪಲಿ ಸದ್ದು ಕೇಳಿದ ಮೇಲೆ
ಎರಡನ್ನೂ ಸುರಿಯುವುದು.