ಹಾಜರಿ

ಪುಸ್ತಕದಲ್ಲಿ ಪರಮಾಣು
ಬಳೆಯೊಳಗೆ ಬಳೆ ಇಟ್ಟ ಹಾಗಿದೆ.
ನಡುವೆ ಒಂದು ಗೋಲಿ, ಬಳೆಗಳ ಮೇಲೆ ಮಣಿ.
ಮಕ್ಕಳು ಕೈವಾರ ಹಿಡಿದು ನೀಟಾಗಿ ಬರೆಯುತ್ತಾರೆ,
ನಾನು ಕೆಂಪು ಶಾಯಿಯಲ್ಲಿ ಸರಿ ಹಾಕುತ್ತೇನೆ.
ಹಾಕುವಾಗೆಲ್ಲ ಕೈ ಸ್ವಲ್ಪ ಅಳುಕುತ್ತದೆ.

ಒಂದು ಶನಿವಾರ, ಮುಂಜಾನೆ ಸಾಲಿ ಬಿಟ್ಟ ಮೇಲೆ,
ಮೂವತ್ತೊಂದು ಮಕ್ಕಳನ್ನು ಸಾಲು ಹಚ್ಚಿ
ಗೋಳಗುಮ್ಮಟಕ್ಕೆ ನಡೆಸಿಕೊಂಡು ಹೋದೆ.
ಪರ್ಸಿನಲ್ಲಿ ಬಿಳಿಜೋಳದ ಒಂದು ಕಾಳು.
ಟಿಕೇಟಿನ ಸಾಲಿನಲ್ಲಿ ನಿಂತು ಮತ್ತೊಮ್ಮೆ ಗುಣಿಸಿದೆ:
ಗುಮ್ಮಟ ಪರಮಾಣುವಾದರೆ
ಜೋಳ ದೊಡ್ಡದಾಯಿತು. ಸಜ್ಜೆಯೂ ದೊಡ್ಡದು.
ಗಸಗಸೆ, ಹತ್ತಿರ ಹತ್ತಿರ.
ಚಂದವ್ವ ತಾನು ತಿನ್ನುತ್ತಿದ್ದ ಪೇರಲ ಹೋಳಿನಿಂದ
ಉಗುರ ತುದಿಯಲ್ಲಿ ಒಂದು ಹರಳು ಉಪ್ಪು ಎಬ್ಬಿಸಿದಳು,
ಖಾರ ಹತ್ತಿ ಕೆಂಪಾದದ್ದು.
"ಇದು ನಡೀತೈತೇನ್ರಿ, ಅಕ್ಕೋರ?"

ನಡೆಯಿತು. ಗುಮ್ಮಟದ ನಟ್ಟನಡುವೆ,
ಕಟಕಟೆಯ ಈಚೆ, ನೆಲದ ಮೇಲಿಟ್ಟಳು.
ಕಾವಲುಗಾರ ಓಡಿ ಬಂದ: "ಏನೂ ಚೆಲ್ಲಬ್ಯಾಡ್ರಿ ಇಲ್ಲಿ!"
ಬಗ್ಗಿ ನೋಡಿದ. ಏನೂ ಕಾಣಲಿಲ್ಲ.
ಏನೂ ಇಲ್ಲದ್ದಕ್ಕೆ ಬೈಯಲು ಬರದೆ ಹೋದ.

ಏಳು ಅಂತಸ್ತು, ಒಬ್ಬರ ಹಿಮ್ಮಡಿ ಇನ್ನೊಬ್ಬರ ಮೂಗಿಗೆ.
ಮೇಲೆ ಪಡಸಾಲೆಯಿಂದ ಕೆಳಗೆ ಇಣುಕಿ
"ಉಪ್ಪು ಕಾಣ್ತದೇನು?" ಅಂದೆ.
"ಇಲ್ರೀ" ಅಂದರು. "ಇಲ್ರೀ" ಅಂದಿತು ಗುಮ್ಮಟ,
ಇಲ್ರೀ, ಇಲ್ರೀ, ಸೋಲುತ್ತ ಸೋಲುತ್ತ.
"ಆದರೂ ಐತಿ. ಈ ಗ್ವಾಡಿ, ಈ ಗಚ್ಚು, ಈ ಪಾರಿವಾಳ
ಎಲ್ಲಾದರ ತೂಕ ಆ ಹರಳಿನಾಗ ಐತಿ ಅಂತ ತಿಳೀರಿ.
ಉಳಿದದ್ದು ಬಯಲು."

ಮಾಳಪ್ಪ ಗೆಣ್ಣಿನಿಂದ ಗೋಡೆ ಕುಟ್ಟಿದ, ಊದಿಕೊಂಡ.
"ಎಲ್ಲಾ ಬಯಲು ಅಂದ್ರ ಇದ್ಯಾಕ ಬಡೀತೈತ್ರಿ?"

ಈ ಪ್ರಶ್ನೆ ಪಾಠದ ಕೊನೆಗೆ ಕೊಟ್ಟಿಲ್ಲ.
ಅಂಚಿನಲ್ಲಿರುವವು ಹೊರಗಿನವರನ್ನು ಒಳಗೆ ಬಿಡುವುದಿಲ್ಲ,
ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ
ಅಂದೆ. ಅರ್ಧ ನಂಬಿದ.
ನಾನೂ ಅಷ್ಟೇ.

ಆಮೇಲೆ ಗೈಬುವನ್ನು ಕರೆದೆ.
ಟಾಂಗಾದ ಕುದುರೆಗೆ ಹುಲ್ಲು ಹೊರುವ ಗೈಬುಸಾಬ,
ತಿಂಗಳಲ್ಲಿ ಹತ್ತು ದಿನ ಹೆಸರಿಗೆ ತಕ್ಕ ಹಾಗೆ ಗೈಬು.
"ನೀನು ಇಲೆಕ್ಟ್ರಾನು. ಹೋಗು, ಎಲ್ಲೆರ ನಿಂದ್ರು."
ಎಲ್ಲರೂ ಗೋಡೆಗೆ ಮುಖ ಹಚ್ಚಿ ಕಣ್ಣು ಮುಚ್ಚಿದೆವು.
ನಾನು ಹಾಜರಿ ಕೂಗಲಿಲ್ಲ, ಉಸುರಿದೆ,
ಕಿವಿಯಲ್ಲಿ ಗುಟ್ಟು ಹೇಳುವಷ್ಟೇ:
"ಗೈಬುಸಾಬ ಜಮಖಂಡಿ."

ಹಾಜರ್, ಅಂದಿತು ಎಡಗಿವಿಯ ಕಲ್ಲು.
ಹಾಜರ್, ಬೆನ್ನ ಹಿಂದಿನ ಗಾಳಿ.
ಹಾಜರ್, ತಲೆಯ ಮೇಲೆ, ಪಾದದ ಕೆಳಗೆ,
ಚಂದವ್ವನ ಬಾಯಿಂದಲೇ ಬಂತೇನೋ ಎಂಬಷ್ಟು ಹತ್ತಿರ.
ಮಕ್ಕಳು ಬೆರಳು ತೋರಿಸಿದರು,
ಮೂವತ್ತು ಬೆರಳು, ಮೂವತ್ತು ದಿಕ್ಕು.
"ಯಾವುದು ಖರೇರಿ ಅಕ್ಕೋರ?"
"ಎಲ್ಲಾನೂ."
ಕಣ್ಣು ತೆರೆದಾಗ ಎದುರಿನ ಕಮಾನಿನಡಿ
ಚಪ್ಪಲಿಯಿಲ್ಲದ ಒಬ್ಬನೇ ಹುಡುಗ, ನಗುತ್ತಿದ್ದ.
ನಮಗೆ ಯಾಕೋ ಬೇಸರವಾಯಿತು.

ಇಳಿದು ಬಂದು ಉಪ್ಪು ಹುಡುಕಿದೆವು.
ಯಾರದೋ ಅಂಗಾಲಿಗೆ ಅಂಟಿ ಹೊರಟುಹೋಗಿತ್ತು.
ಚಂದವ್ವ ಮೇಲೆ ನೋಡಿದಳು,
ಗುಮ್ಮಟ ಇನ್ನೂ ನಿಂತಿದೆಯೇ ಎಂದು.

ಸೋಮವಾರ ಬಳೆಯೊಳಗಿನ ಬಳೆಯನ್ನೇ ಮತ್ತೆ ಬರೆಸಿದೆ,
ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ.
ಗೈಬು ಬಂದಿರಲಿಲ್ಲ.
ಅವನ ಹೆಸರಿನ ಮುಂದೆ ಗೆರೆ ಎಳೆಯಹೋದವಳು
ಪೆನ್ನು ಎತ್ತಿ ಹಿಡಿದು
ಸ್ವಲ್ಪ ಹೊತ್ತು ಕಿವಿಗೊಟ್ಟೆ.