ಎಡಗಡೆ ಬ್ರೇಕಿಲ್ಲ

ಹದಿನಾಲ್ಕೂವರೆ, ಅಂದ ಬೈರಾರೆಡ್ಡಿ,
ಲಕ್ಷ ಅನ್ನುವ ಮಾತು ನುಂಗಿ,
ಸೇರು ಕಡ್ಲೆಪುರಿಯ ರೇಟು ಹೇಳುವವನ ಹಾಗೆ.

ನಾನು ಅವನ ಮುಖ ನೋಡಲಿಲ್ಲ.
ಚಿಂತಾಮಣಿ ಬೈಪಾಸಿನ ಹೊಸ ಷೋರೂಮು,
ಸೆಕೆಂಡ್ ಹ್ಯಾಂಡ್ ಗಾಡಿಗಳಿಗೆಲ್ಲ ಮದುಮಕ್ಕಳ ರಿಬ್ಬನ್ನು,
ಮೇಜು ಗಾಜಿನದು.
ವ್ಯಾಪಾರಕ್ಕೆ ಕೂರುವವನು ಗಾಜಿನ ಮೇಜು ಇಡಬಾರದು,
ಯಾರೂ ಹೇಳಿಕೊಟ್ಟಿಲ್ಲ ಪಾಪ.

ಹತ್ತೊಂಬತ್ತು ವರ್ಷ ನಾನು ನೋಡಿದ್ದೇ ಕಾಲು.
ಅಲಿವೇಲು ಮೋಟಾರ್ ಡ್ರೈವಿಂಗ್ ಸ್ಕೂಲು,
ಎಡಗಡೆ ಸೀಟು, ನನ್ನ ಪಾಲಿಗೊಂದು ಬ್ರೇಕು, ಒಂದು ಕ್ಲಚ್ಚು,
ಬಲಗಡೆ ದಿನಕ್ಕೊಬ್ಬರು ಹೊಸಬರು.
ರೇಷ್ಮೆ ನೂಲು ಬಿಚ್ಚುವವರ ಕಾಲು, ಪಿಡಿಓ ಮೇಡಮ್ಮಿನ ಕಾಲು,
ಚಪ್ಪಲಿ ಬಿಟ್ಟು, ಪೆಡಲು ಮುಟ್ಟಿ ಕಣ್ಣಿಗೊತ್ತಿಕೊಂಡು
ಬರಿಗಾಲಿಡುತ್ತಿದ್ದ ಮುದ್ದಮ್ಮನ ಕಾಲು.
ಬಾಯಿ ಎಲ್ಲ ಗೊತ್ತು ಅನ್ನುತ್ತೆ.
ಕಣ್ಣು ಕನ್ನಡಿ ನೋಡಿದ ನಾಟಕ ಆಡುತ್ತೆ.
ಪಾದಕ್ಕೆ ಅಷ್ಟು ಬುದ್ಧಿಯಿಲ್ಲ.

ಈ ಬೈರಾರೆಡ್ಡಿಯೂ ನನ್ನ ಹತ್ತಿರವೇ ಕಲಿತದ್ದು.
ಎಂಟು ಹಾಕುವಲ್ಲಿ ಎರಡು ಸಲ ಫೇಲು.
ಹೆದರಿದರೆ ಎಡಗಾಲು ಕ್ಲಚ್ಚು ಬಿಡುತ್ತಲೇ ಇರಲಿಲ್ಲ,
ಕೆರೆಗಿಳಿದು ನೆಲ ಹುಡುಕುವವನ ಹಾಗೆ.

ಹದಿನಾಲ್ಕೂವರೆ ಅನ್ನುವಾಗ
ಗಾಜಿನ ಕೆಳಗೆ ಅದೇ ಎಡಗಾಲು
ಟೈಲ್ಸನ್ನು ಮೆಲ್ಲಗೆ ಒತ್ತಿತು.
ಗೇರು ಬದಲಾಯಿಸುತ್ತಾನೆ, ಅಂದುಕೊಂಡೆ.
ಹತ್ತು, ಅಂದೆ.
ಮುರುಗಮಲ್ಲ ರಸ್ತೆಯ ಸೈಟು ಮಾರಿದ ದುಡ್ಡು
ಬ್ಯಾಗಿನಲ್ಲಿರಲಿಲ್ಲ, ಬ್ಯಾಂಕಿನಲ್ಲಿತ್ತು;
ಆದರೂ ಬ್ಯಾಗು ತಬ್ಬಿಕೊಂಡೇ ಕೂತಿದ್ದೆ.

ಪಾಲುದಾರ ಜಬೀವುಲ್ಲಾ ನಕ್ಕು ಟೀ ತರಿಸಿದ.
ಅವನ ತಾತ ದನದ ಸಂತೆಯ ದಲ್ಲಾಳಿ,
ಟವಲಿನಡಿ ಬೆರಳು ಹಿಡಿದು ಜೋಡಿ ಕುದುರಿಸಿದವರು.
ಮೊಮ್ಮಗನಿಗೆ ಟವಲೂ ಇಲ್ಲ, ಮೇಜಿಗೊಂದು ಬಟ್ಟೆಯೂ ಇಲ್ಲ.
'ಮೇಡಂ, ಎರಡೇ ಬಾಗಿಲು, ಎರಡೇ ಸೀಟು, ಜರ್ಮನಿ ಗಾಡಿ,
ಟಾಪು ಮಡಚುತ್ತೆ. ಡಾಕ್ಟರೊಬ್ಬರು ಇಟ್ಟಿದ್ದರು,
ಭಾನುವಾರ ಮಾತ್ರ ಆಚೆ ತೆಗೀತಿದ್ದರು.'
ಭಾನುವಾರಗಳಲ್ಲೇ ಕ್ಲಚ್ಚಿನ ರಬ್ಬರು
ಇಷ್ಟು ನುಣ್ಣಗೆ ಸವೆಯಿತಾ, ಎಂದು ಕೇಳಿ
ಅವನ ಕಾಲು ನೋಡಿ ಕಾಲು ಏರಿಸಿದೆ:
ಹತ್ತೂಕಾಲು.

ಬೈರಾರೆಡ್ಡಿ ಅವನ ಕಿವಿಗೆ ಬಾಗಿ ತೆಲುಗಲ್ಲಿ ಅಂದ,
ಪನ್ನೆಂಡುಕಿ ತಗ್ಗೊದ್ದು.
ಚಿಂತಾಮಣಿಯಲ್ಲಿ ತೆಲುಗಲ್ಲಿ ಗುಟ್ಟು ಹೇಳುವುದು
ಬಸ್ ಸ್ಟ್ಯಾಂಡಿನ ಮೈಕಿನಲ್ಲಿ ಪಿಸುಗುಟ್ಟಿದ ಹಾಗೆ.
ಹನ್ನೆರಡರ ಲೆಕ್ಕ ಕೇಳಿಸಿಕೊಂಡು
ಬಿಸ್ಕತ್ತು ಅದ್ದಿಕೊಂಡೆ.

ಓಡಿಸಿ ನೋಡುತ್ತೇನೆ, ಅಂದೆ.
ಬೈರಾರೆಡ್ಡಿ ಪಕ್ಕಕ್ಕೆ ಕೂತ,
ನನ್ನ ಜಾಗದಲ್ಲಿ.
ಟಾಪು ತೆಗೆದ ತಲೆಯ ಮೇಲೆ ಅಂಬಾಜಿದುರ್ಗದ ಬಂಡೆ,
ಕುಂಡಿಗೆ ರಸ್ತೆ ತಾಗುವಷ್ಟು ತಗ್ಗು ಸೀಟು,
ಮುಂದೆ ಮಾವಿನಕಾಯಿ ಲಾರಿ.
ಮೂರನೇ ಗೇರಿನಲ್ಲಿ ಗಾಡಿ ಒಂದು ಮಾತಾಡಿತು;
ಅದನ್ನು ಷೋರೂಮಿನಲ್ಲಿ ಬಾಯಿಬಿಟ್ಟರೆ ರೇಟು ಏರುತ್ತೆ.
ಲಾರಿ ದಾಟುವಾಗ ಎಡಗಡೆ
ಒಂದು ಬಲಗಾಲು ಬರಿ ಮ್ಯಾಟನ್ನು ಬಲವಾಗಿ ತುಳಿಯಿತು,
ಮತ್ತೆ ತುಳಿಯಿತು,
ಇಲ್ಲದ ಬ್ರೇಕನ್ನು.

ಆ ತುಳಿತ ನನಗೆ ಗೊತ್ತು.
ನನ್ನ ಮಂಡಿಚಿಪ್ಪಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದೆ.
ನಿದ್ದೆಯಲ್ಲಿ ಒದೀತೀಯ, ಅನ್ನುತ್ತಿದ್ದರು ನಮ್ಮವರು.
ಒದ್ದದ್ದಲ್ಲ ರೀ.
ನಿಲ್ಲಿಸಿದ್ದು.

ವಾಪಸು ಬಂದು ಕೂತ ಮೇಲೆ ಅವನೇ ಹನ್ನೊಂದಕ್ಕಿಳಿದ.
ಎಡಗಾಲು ಇನ್ನೂ ಒತ್ತುತ್ತಲೇ ಇತ್ತು.
ಹತ್ತೂಮುಕ್ಕಾಲಿಗೆ ಬರುತ್ತಿದ್ದ, ಖಂಡಿತ ಬರುತ್ತಿದ್ದ;
ಸ್ಟೆಪ್ನಿ ಇಲ್ಲ, ಬಲಗನ್ನಡಿಯಲ್ಲಿ ಬಿರುಕು,
ಹೇಳಲು ಬೇಕಾದಷ್ಟಿತ್ತು.
ಆಯಿತಪ್ಪ, ಅಂದೆ. ಹನ್ನೊಂದೇ ಇರಲಿ.

ಜಬೀವುಲ್ಲಾ ಅನುಮಾನದಿಂದ ನನ್ನನ್ನೇ ನೋಡಿದ.
ಹಲ್ಲು ಎಣಿಸದೆ ಎತ್ತು ಕೊಂಡವರನ್ನು
ಅವನ ತಾತ ಹೀಗೇ ನೋಡಿರಬೇಕು.

ಮ್ಯಾಟು ಮಾತ್ರ ಹೊಸದು ಹಾಕಿಸಿಕೊಡಿ, ಅಂದೆ,
ಎಡಗಡೆಯದು.