ಎಡಗಡೆಯ ಕುರ್ಚಿ

ನಲವತ್ತೆರಡು ಕಿಲೋ. ಮೂರನೇ ಮಹಡಿಯವರೆಗೆ
ಒಂದು ತುದಿ ಹಿಡಿದ ಔನೆ
ಮೆಟ್ಟಿಲಿಗೊಮ್ಮೆ ಬೈದಳು.
ತಾಂಪೆರೆಯ ಚಳಿಗೆ ಕಿಟಕಿ ಹೆಪ್ಪುಗಟ್ಟಿತ್ತು;
ಆಂಪ್ಲಿಫೈಯರು ಮಾತ್ರ
ದನಿಗೆ ಮೊದಲೇ ಕಾದು ಕೂತಿತ್ತು,
ಅದರ ಬಿಸಿ ರೆಕ್ಕೆಗಳ ಮೇಲೆ ಬೆಕ್ಕಿನ ನಿದ್ದೆ.

ಟ್ರಾನ್ಸ್‌ಫಾರ್ಮರು ಎಡಕ್ಕೊಂದು, ಬಲಕ್ಕೊಂದು.
ಪಾಲಾದ ಅಣ್ಣತಮ್ಮಂದಿರ ಹಾಗೆ
ನಡುವೆ ತಾಮ್ರದ ಗೋಡೆ.

ಉರ್ಪೊನ ಎಡಗಿವಿಯನ್ನು
ಹತ್ತಿಗಿರಣಿ ಎಂದೋ ನುಂಗಿದೆ.
ಆ ಕಡೆಯ ದನಿಯನ್ನು ಅವನು
ಸ್ಪೀಕರಿನ ಕಾಗದಕ್ಕೆ ಅಂಗೈಯೊಡ್ಡಿ
ತಿದ್ದುತ್ತಾನೆ, ನಾಡಿ ನೋಡಿದಂತೆ.

ಚೆಲ್ಲೊ ನಿಂತಿತು. ಔನೆ ಅಂದಳು:
“ಎಡಗಡೆ ಯಾರೋ ಕುರ್ಚಿ ಸರಿಸಿದರು.”

ಮೂವತ್ತು ವರ್ಷದಿಂದ ಕೇಳಿದ ಅದೇ ರೆಕಾರ್ಡು.
ಉರ್ಪೊ ತನ್ನ ಅಂಗೈ ನೋಡಿಕೊಂಡ.
“ಮತ್ತೆ ಹಾಕು,” ಅಂದ. “ಕುರ್ಚಿ
ಮರದ್ದೋ?”